ಅಲ್ಪವಿರಾಮ ಅಲ್ಪವಲ್ಲ



"ಅಲ್ಪವಿರಾಮ ಬಿಟ್ಟರೆ ಏನಾಗುತ್ತೆ? ಅರ್ಧ ಮಾರ್ಕು ಹೋಗುತ್ತೆ, ಅಷ್ಟೇ" ಎಂದು ನಮ್ಮ ತರಗತಿಯಲ್ಲಿ ಕೆಲವರು ಅಂತಾರೆ. ಮೊದಲು ನಾನೂ ಹಾಗೇ ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕೊಟ್ಟೂರೇಶ್ವರ ತೇರಿಗೆ ನಮ್ಮ ಮನೆಗೆ ಬೀಗರು ಬರುವವರಿದ್ದರು. ಅವ್ವ ಶೇಂಗಾ ಹೋಳಿಗೆ ಮಾಡಬೇಕು ಅಂದಿದ್ದಳು. ಸಾಮಾನು ತರಲು ಮಾವ ಕೊಟ್ಟೂರಿಗೆ ಹೊರಟ. ಅವ್ವನಿಗೆ ಬರೆಯಲು ಬರುವುದಿಲ್ಲ. ಅವಳು ಹೇಳಿದಳು, ನಾನು ಚೀಟಿ ಬರೆದೆ: "ಬೆಲ್ಲ ಶೇಂಗಾ ಎಣ್ಣಿ ಕಡ್ಲಿ ಬ್ಯಾಳಿ ಎಳ್ಳು".

ಸಂಜೆ ಚೀಲ ಬಿಚ್ಚಿದರೆ ಬೆಲ್ಲ, ಶೇಂಗಾ ಎಣ್ಣೆ, ಕಡ್ಲಿಬ್ಯಾಳಿ ಮತ್ತು ಎಳ್ಳು! ಅವ್ವ ಹೇಳಿದ್ದು ಆರು ಸಾಮಾನು, ಬಂದದ್ದು ನಾಲ್ಕು. ಹೋಳಿಗೆಗೆ ಶೇಂಗಾನೇ ಇಲ್ಲ.

"ನೀನು ಬರ್ದಿದ್ದನ್ನೇ ತಂದೀನವ್ವ" ಅಂದ ಮಾವ. ಅದು ಸುಳ್ಳಲ್ಲ. ಅವ್ವ ಬೈಯಲಿಲ್ಲ. "ನಾ ಬಿಟ್ಟು ಬಿಟ್ಟು ಹೇಳಿದ್ನಲ್ಲ, ನೀ ಯಾಕ ಕೂಡ್ಸಿ ಬರ್ದಿ?" ಅಂದಳು. ನಮ್ಮ ಹೊಲದ ಶೇಂಗಾ ಆಗಲೇ ಮಾರಿದ್ದೆವು. ಅವ್ವ ಪಕ್ಕದ ಮನೆಯಿಂದ ಎರಡು ಸೇರು ಕೈಗಡ ತಂದಳು. ಅವಳು ಇನ್ನೊಬ್ಬರ ಬಾಗಿಲಲ್ಲಿ ನಿಂತದ್ದು ನನ್ನ ತಪ್ಪಿಗೆ.

ಅಕ್ಷರ ಬಾರದ ಅವ್ವನಿಗೆ ಅಲ್ಪವಿರಾಮ ಗೊತ್ತು. ಅವಳು ಅದನ್ನು ಬಾಯಲ್ಲೇ ಹಾಕುತ್ತಾಳೆ. ಮಾತು ತಿಳಿಯದಿದ್ದರೆ ತಿರುಗಿ ಕೇಳಬಹುದು. ಚೀಟಿಯನ್ನು ಯಾರು ಕೇಳುವುದು?

ಇನ್ನೊಂದು ಉದಾಹರಣೆ. 2021ರಲ್ಲಿ ಆದ ನಮ್ಮ ವಿಜಯನಗರ ಜಿಲ್ಲೆಗೆ ಆರು ತಾಲ್ಲೂಕು. "ಹೊಸಪೇಟೆ ಕೂಡ್ಲಿಗಿ ಕೊಟ್ಟೂರು ಹಗರಿ ಬೊಮ್ಮನಹಳ್ಳಿ ಹೂವಿನ ಹಡಗಲಿ ಹರಪನಹಳ್ಳಿ" ಎಂದು ಬರೆದರೆ ಪರಊರಿನವರು ಎಂಟು ಎಣಿಸುತ್ತಾರೆ. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ಎಂದರೆ ಆರೇ.

"ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನದಲ್ಲಿ ಅಲ್ಪವಿರಾಮ ಎಲ್ಲೈತಿ?" ಎಂದು ಒಬ್ಬ ಗೆಳೆಯ ಕೇಳಿದ. ನಿಜ, ಇಲ್ಲ. ಅಲ್ಲಿ ಪದಗಳ ನಡುವೆ ಜಾಗವನ್ನೂ ಬಿಟ್ಟಿಲ್ಲ. ಅದನ್ನು ಓದಲು ಪಂಡಿತರು ಇದ್ದಾರೆ. ನಮ್ಮ ಮನೆ ಚೀಟಿ ಓದಲು ಪಂಡಿತರು ಬರುತ್ತಾರೆಯೇ?

ಹಾಗಂತ ಎಲ್ಲಾ ಕಡೆ ಹಾಕಬಾರದು. ಶೇಂಗಾ ಎಣ್ಣೆ ಬೇಕಾದಾಗ "ಶೇಂಗಾ, ಎಣ್ಣೆ" ಎಂದರೆ ಅದೂ ತಪ್ಪೇ. "ಗಿಡಮರಬಳ್ಳಿ" ಎಂದು ಸೇರಿಸಿ ಬರೆದಾಗ ಬೇಡ. "ಶೇಂಗಾನೂ ಎಣ್ಣೆಯೂ" ಎಂದು ಬರೆದರೂ ಬೇಡ, ಆ 'ಊ' ಎರಡನ್ನೂ ಬೇರೆ ಮಾಡುತ್ತದೆ. ಕೊನೆಯಲ್ಲಿ 'ಮತ್ತು' ಬಂದರೆ ಅದರ ಹಿಂದೆಯೂ ಬೇಡ.

ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿರಿ. ಬಾಯಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಪೆನ್ನೂ ನಿಲ್ಲಲಿ. ಮಾರ್ಕಿಗಾಗಿ ಅಲ್ಲ, ನಮ್ಮನ್ನು ನಂಬಿ ಹೇಳಿ ಬರೆಸುವವರಿಗಾಗಿ.

ಇದು ನನ್ನ ಅಭಿಪ್ರಾಯ. ನಾನೇ ಎಲ್ಲಾದರೂ ಅಲ್ಪವಿರಾಮ ಬಿಟ್ಟಿದ್ದರೆ ತೋರಿಸಿರಿ, ತಿದ್ದಿಕೊಳ್ಳುತ್ತೇನೆ.

– ಏಳನೇ ತರಗತಿಯ ವಿದ್ಯಾರ್ಥಿನಿ