ಜನತಾ ಮನೆಯೊಳಗಿನ ಬದುಕು ದಾಖಲಾಗಲಿ

ಬಡವರಿಗೆ ಸೂರು ಒದಗಿಸುವ ಯೋಜನೆಗಳ ಇತಿಹಾಸ ಬರೆಯಹೊರಟವರಿಗೆ ನಮ್ಮ ರಾಜ್ಯದಲ್ಲಿ ಸಾಮಗ್ರಿಯ ಕೊರತೆಯೇನೂ ಇಲ್ಲ. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದ ಬಳಿಕ ಹಳ್ಳಿಹಳ್ಳಿಗೂ ಬಂದ ಜನತಾ ಮನೆಗಳು, 1985ರ ಇಂದಿರಾ ಆವಾಸ್, 1991-92ರ ಆಶ್ರಯ, 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, 2016ರಲ್ಲಿ ಇಂದಿರಾ ಆವಾಸ್‌ನ ಜಾಗಕ್ಕೆ ಬಂದ ಪ್ರಧಾನಮಂತ್ರಿ ಆವಾಸ್– ಎಲ್ಲಕ್ಕೂ ಗುರಿ ಇದೆ, ಅನುದಾನದ ಲೆಕ್ಕ ಇದೆ, ಕಂತಿನ ವಿವರ ಇದೆ. ಈಚಿನ ಮನೆಗಳಿಗಂತೂ ಅಡಿಪಾಯದಿಂದ ಛಾವಣಿವರೆಗೆ ಹಂತಹಂತದ ಛಾಯಾಚಿತ್ರಗಳೂ ಇವೆ. ಛಾವಣಿ ಮುಗಿದ ದಿನ ಕಡತವೂ ಮುಗಿಯುತ್ತದೆ. ಆ ಮನೆಯೊಳಗೆ ಮುಂದಿನ ನಲವತ್ತು ವರ್ಷ ಏನಾಯಿತು ಎಂಬುದನ್ನು ಬರೆದಿಡುವ ಹೊಣೆ ಯಾವ ಇಲಾಖೆಗೂ ಇಲ್ಲ.

ಬೀದರ್ ನಗರದ ಅಂಚಿನಲ್ಲಿಯೂ ಭಾಲ್ಕಿ, ಔರಾದ್ ತಾಲ್ಲೂಕುಗಳ ಊರುಗಳಲ್ಲಿಯೂ ಇರುವ ಕೆಲವು ಹಳೆಯ ಜನತಾ ಕಾಲೊನಿಗಳಿಗೆ ನಾನು ಆಗಾಗ ಹೋಗಿ ಕುಳಿತು ಮಾತು ಕೇಳಿದ್ದೇನೆ. ಮೊದಲ ಹಂಚಿಕೆಯಲ್ಲಿ ಮನೆ ಪಡೆದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಮನೆಗಳೂ ಹಾಗೆಯೇ, ಹಲವನ್ನು ಕೆಡವಿ ಮಕ್ಕಳು ಸಿಮೆಂಟಿನ ಮನೆ ಕಟ್ಟಿದ್ದಾರೆ, ಕೆಲವು ಅರೆಬರೆ ಬಿದ್ದು ಮೇಕೆ ಕಟ್ಟುವ ಜಾಗಗಳಾಗಿವೆ. ಇನ್ನು ಹತ್ತು ವರ್ಷ ಕಳೆದರೆ ಕೇಳಲು ಮನೆಯೂ ಇರದು, ಮನೆಯವರೂ ಇರರು.

ಅವರು ಹೇಳುವ ಕಥೆ ಸರ್ಕಾರದ ಕಥೆಗೆ ಪೂರ್ತಿ ವಿರುದ್ಧವೂ ಅಲ್ಲ, ಅದಕ್ಕೆ ಒಪ್ಪುವಂತಹುದೂ ಅಲ್ಲ. ಒಂದು ಕೋಣೆ, ಅದರ ಮೂಲೆಯಲ್ಲಿ ಒಲೆ, ಮುಂದೆ ಗೇಣು ಕಟ್ಟೆ. ಮಗನಿಗೆ ಮದುವೆಯಾದಾಗ ಕೋಣೆಯ ನಡುವೆ ಹಳೆಯ ಸೀರೆ ಕಟ್ಟಿ ಎರಡು ಮನೆ ಮಾಡಿದ್ದು, ಬೇಸಿಗೆಯ ರಾತ್ರಿ ತಗಡಿನ ಕೆಳಗೆ ಮಲಗಲಾರದೆ ಇಡೀ ಕಾಲೊನಿ ಬೀದಿಯಲ್ಲಿ ಹಾಸಿಗೆ ಹಾಸುತ್ತಿದ್ದುದು, ಭಾಗ್ಯಜ್ಯೋತಿಯ ಒಂದೇ ಬಲ್ಬಿನ ಕೆಳಗೆ ನಾಲ್ಕು ಮನೆಯ ಮಕ್ಕಳು ಓದಿದ್ದು– ಇಂತಹ ಸಂಗತಿಗಳನ್ನು ಅವರು ದೂರಾಗಿ ಹೇಳುವುದಿಲ್ಲ. ಭಾಲ್ಕಿ ಕಡೆಯ ಹಿರಿಯರೊಬ್ಬರು ಹೇಳಿದ ಮಾತು ನನ್ನ ಟಿಪ್ಪಣಿಯಲ್ಲಿ ಹೀಗಿದೆ: ‘ಮನಿ ಸಣ್ಣದಿತ್ತು ಸಾಹೇಬ್ರ, ಆದ್ರ ಗೌಡ ಬಾ ಅಂದ ತಕ್ಷಣ ಹೋಗೋದು ತಪ್ಪಿತು.’ ಅಲ್ಲಿಯವರೆಗೆ ಅವರ ಕುಟುಂಬ ಇದ್ದದ್ದು ಭೂಮಾಲೀಕನ ಹೊಲದ ಬದಿಯ ಗುಡಿಸಲಿನಲ್ಲಿ. ದುಡಿಮೆ ಬಿಟ್ಟರೆ ನೆಲವೂ ಹೋಗುತ್ತಿತ್ತು. ಭೂರಹಿತರಿಗೆ ನಿವೇಶನ ನೀಡುವ ಕಾರ್ಯಕ್ರಮ ಕೇಂದ್ರದಿಂದ 1971ರಲ್ಲಿ ಆರಂಭವಾಗಿ 1975ರ ಇಪ್ಪತ್ತು ಅಂಶಗಳಲ್ಲಿ ಸೇರಿತೆಂದು ನಾವು ಪಠ್ಯಗಳಲ್ಲಿ ಓದುತ್ತೇವೆ. ಆ ನಿವೇಶನದ ಅಸಲು ಬೆಲೆ ಏನೆಂಬುದು ಈ ಒಂದು ವಾಕ್ಯದಲ್ಲಿದೆ. ಚದರಡಿಯಲ್ಲಿ ಅಳೆಯುವವರಿಗೆ ಅದು ಕಾಣುವುದಿಲ್ಲ.

ಇದೇ ಜನ ಇನ್ನೊಂದನ್ನೂ ಹೇಳುತ್ತಾರೆ. ಕಾಲೊನಿ ಎಲ್ಲಿ ಬಂತು? ಬಹುಪಾಲು ಊರಾಚೆ, ಹಳೆಯ ಕೇರಿಗೆ ಹೊಂದಿಕೊಂಡು ಅಥವಾ ಅದಕ್ಕಿಂತ ಇನ್ನಷ್ಟು ದೂರ, ಯಾರಿಗೂ ಬೇಡವಾದ ಕಲ್ಲುನೆಲದ ಮೇಲೆ. ಬೀದರ್ ಸೀಮೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಬಾವಿ ತೋಡುವುದು ಸುಲಭವಲ್ಲ. ಆದ್ದರಿಂದಲೇ ಬಹಮನಿ ಅರಸರು ನೌಬಾದಿನಲ್ಲಿ ನೆಲದಡಿಯ ಸುರಂಗ ಕಾಲುವೆ ಕೊರೆಸಬೇಕಾಯಿತು. ಅಂತಹ ನೆಲದ ಮೇಲೆ ನೀರಿನ ವ್ಯವಸ್ಥೆಯಿಲ್ಲದೆ ನೂರು ಮನೆ ಸಾಲಾಗಿ ನಿಂತರೆ ಆ ಹೊರೆ ಹೆಂಗಸರ ತಲೆಯ ಮೇಲೆ ಬಿತ್ತು. ಔರಾದ್ ಕಡೆ ಒಬ್ಬ ಆಯಿ ತಮ್ಮ ಮೂರು ಮಕ್ಕಳ ಹುಟ್ಟನ್ನು ಇಸವಿಯಿಂದಲ್ಲ, ಆಗ ನೀರು ಎಲ್ಲಿಂದ ತರುತ್ತಿದ್ದರು ಎಂಬುದರಿಂದ ಗುರುತಿಸಿದರು– ಹಳ್ಳದ ಒರತೆಯ ಕಾಲದ್ದು ಹಿರಿಯದು, ಕೈಪಂಪಿನ ಕಾಲದ್ದು ನಡುವಿನದು, ನಲ್ಲಿಯ ಕಾಲದ್ದು ಕಿರಿಯದು. ಸೂರು ಸಿಕ್ಕಿತು, ಊರು ಸಿಗಲಿಲ್ಲ ಎಂಬ ಟೀಕೆಯನ್ನು ಸಮಾಜಶಾಸ್ತ್ರಜ್ಞರು ಮಾಡಿದರೆ ನಾವು ತಲೆದೂಗುತ್ತೇವೆ. ಆಯಿ ಅದನ್ನು ಲೆಕ್ಕಾಚಾರವಾಗಿಯೇ ಒಪ್ಪಿಸುತ್ತಾರೆ.

ನೆನಪುಗಳು ನೀತಿ ನಿರೂಪಣೆಗೆ ಉಪಯೋಗವಿಲ್ಲದ ಭಾವುಕತೆ ಎಂದು ಭಾವಿಸುವ ಅಧಿಕಾರಿಗಳಿಗೆ 1993ರ ಸೆಪ್ಟೆಂಬರ್ 30ನ್ನು ನೆನಪಿಸಬೇಕು. ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಅಂದು ನಸುಕಿನಲ್ಲಿ ಸಂಭವಿಸಿದ ಭೂಕಂಪಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಟನ್ನುಗಟ್ಟಲೆ ಮಣ್ಣು ಹೊತ್ತ ಮಾಳಿಗೆ ಮಲಗಿದ್ದವರ ಮೇಲೆ ಕುಸಿದದ್ದೇ ಇಷ್ಟು ಸಾವಿಗೆ ಮುಖ್ಯ ಕಾರಣ. ಬೀದರ್ ಜಿಲ್ಲೆಯೂ ಅಂದು ನಡುಗಿತ್ತು. ಅದುವರೆಗೆ ಮಾಳಿಗೆ ಮನೆಯವರು ‘ತಗಡಿನ ಮನಿಯವರು’ ಎಂದು ಹೀಗಳೆಯುತ್ತಿದ್ದ ಕಾಲೊನಿಯ ಜನರ ಬಳಿಗೆ ಊರೊಳಗಿನವರು ಮಲಗಲು ಬಂದರು ಎಂಬ ಮಾತನ್ನು ನಾನು ಬೇರೆ ಬೇರೆ ಕಡೆ ಕೇಳಿದ್ದೇನೆ. ಎಷ್ಟು ದಿನ ಬಂದರು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ, ಬಂದದ್ದರಲ್ಲಿ ಇಲ್ಲ. ಜಾತಿ, ಮನೆ, ಭಯ ಮೂರೂ ಕೂಡಿದ ಆ ರಾತ್ರಿಗಳ ಬಗ್ಗೆ ಒಂದು ಪುಟವೂ ಎಲ್ಲೂ ದಾಖಲಾಗಿಲ್ಲ. ಅತ್ತ ಮಹಾರಾಷ್ಟ್ರದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿದರು. ನೇರ ರಸ್ತೆ, ಸಾಲು ಮನೆಗಳ ಆ ಹೊಸ ಊರುಗಳಲ್ಲಿ ಹಳೆಯ ಓಣಿಯ ನೆರೆಹೊರೆ ಚದುರಿಹೋಯಿತೆಂದು ನಿವಾಸಿಗಳು ಹೇಳಿದ್ದನ್ನು ಸಂಶೋಧಕರು ಬರೆದಿದ್ದಾರೆ. ನಮ್ಮ ಜನತಾ ಕಾಲೊನಿಗಳಲ್ಲಿ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಇದೇ ಪಾಠ ಸಿದ್ಧವಾಗಿತ್ತು. ಯಾರಾದರೂ ಕೇಳಿ ಬರೆದಿದ್ದರೆ ಗಡಿಯಾಚೆಯ ಊರುಗಳಿಗೂ ಅದು ಒದಗುತ್ತಿತ್ತು.

ಮುಂಬೈಯಲ್ಲಿ ಹಾಗೆ ಬರೆದಿಟ್ಟ ಉದಾಹರಣೆ ಇದೆ. 1920ರ ದಶಕದಲ್ಲಿ ಅಂದಿನ ಸರ್ಕಾರ ವರ್ಳಿ, ನಾಯಗಾಂವ್ ಮೊದಲಾದೆಡೆ ಕಟ್ಟಿಸಿದ ಬಿಡಿಡಿ ಚಾಳುಗಳನ್ನು ಕೆಡವಿ ಅಲ್ಲಿ ಬಹುಮಹಡಿ ಕಟ್ಟಡ ಏಳಿಸುವ ಕೆಲಸ ನಡೆದಿದೆ. ಚಾಳುಗಳ ಗೋಡೆ ಹೋದರೂ ಗಿರಣಿ ಪ್ರದೇಶದ ಬದುಕು ಪೂರ್ತಿ ಅಳಿಯದು. ಏಕೆಂದರೆ ನೀರಾ ಅಡಾರ್ಕರ್ ಮತ್ತು ಮೀನಾ ಮೆನನ್ ಅವರು ಗಿರಣಿ ಕಾರ್ಮಿಕರ ನೂರು ದನಿಗಳನ್ನು ಅವರದೇ ಮಾತಿನಲ್ಲಿ ಸಂಗ್ರಹಿಸಿ 2004ರಲ್ಲಿ ಗ್ರಂಥವಾಗಿಸಿದರು. ಕನ್ನಡದಲ್ಲಿ ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಿಂದಾಗಿ ಬೆಂಗಳೂರಿನ ಶ್ರೀರಾಮಪುರ ನಮಗೆ ಒಳಗಿನಿಂದ ಗೊತ್ತು. ಔರಾದಿಗೆ ಅಂತಹ ಲೇಖಕ ಹುಟ್ಟಲೆಂದು ಕಾಯುತ್ತ ಕೂರಲಾಗದು. (ಸರ್ಕಾರಿ ವಸತಿಗೃಹಗಳಲ್ಲಿ ಬೆಳೆದ ನಮ್ಮಂತಹ ನೌಕರರ ಮಕ್ಕಳು ತಮ್ಮ ಬಾಲ್ಯದ ಬಗ್ಗೆ ಭಾನುವಾರದ ಪುರವಣಿಗಳಲ್ಲಿ ಸಾಕಷ್ಟು ಬರೆದಾಗಿದೆ.)

ಇದರಲ್ಲಿ ನೆನಪಿನ ಜೊತೆ ಹಕ್ಕಿನ ಪ್ರಶ್ನೆಯೂ ಇದೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರು ಬೀದರ್ ಸೇರಿ ಐದು ಜಿಲ್ಲೆಗಳ ತಾಂಡಾ ಮೊದಲಾದ ದಾಖಲೆರಹಿತ ಜನವಸತಿಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. ಸ್ವಾಗತಾರ್ಹ ಕ್ರಮವೇ. ಆದರೆ ಹಳೆಯ ಜನತಾ ಕಾಲೊನಿಗಳ ಸ್ಥಿತಿ ಬೇರೆ. ಇಲ್ಲಿ ಹಕ್ಕುಪತ್ರ ಒಮ್ಮೆ ಕೊಟ್ಟಾಗಿದೆ. ಅದು ಮಳೆಗೆ ನೆನೆದಿದೆ, ಇಲಿ ತಿಂದಿದೆ, ಇಲ್ಲವೇ ಛಾಪಾ ಕಾಗದದ ಮೇಲೆ ಬರೆದ ಒಪ್ಪಂದದೊಂದಿಗೆ ಮೂರನೆಯವರ ಕೈಗೆ ಹೋಗಿದೆ. ನಾನು ನೋಡಿದ ಹಳೆಯ ಪತ್ರಗಳಲ್ಲಿ ಹೆಚ್ಚಿನವು ಗಂಡಸರ ಹೆಸರಿನಲ್ಲಿದ್ದವು. ಮನೆಯನ್ನು ಉಳಿಸಿಕೊಂಡು ಬಂದವರು ಅವರ ವಿಧವೆಯರು. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಡ್ರೋನು ಮೇಲಿನಿಂದ ಗೋಡೆಗಳ ಗಡಿ ಅಳೆಯಬಲ್ಲದು, ಆ ಗೋಡೆಯೊಳಗೆ ಯಾರು ಹೇಗೆ ಬಂದರೆಂಬುದನ್ನು ಹೇಳಲಾರದು. ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಬೇಕೆಂದರೆ ಮೂಲ ದಾಖಲೆ ಕೇಳುತ್ತಾರೆ. ‘ಐವತ್ತು ವರ್ಷ ಇದ್ದೀನಿ, ಅದೇ ದಾಖಲೆ ಅಲ್ಲೇನ್ರಿ?’ ಎಂದು ಒಬ್ಬ ತಾಯಿ ಪಂಚಾಯಿತಿ ಕಟ್ಟೆಯ ಮೇಲೆ ಕೇಳಿದ್ದಕ್ಕೆ ಎದುರಿಗಿದ್ದ ನೌಕರನ ಬಳಿ ಉತ್ತರವಿರಲಿಲ್ಲ. ಪಾಪ, ಅವನೂ ಅಂತಹುದೇ ಕಾಲೊನಿಯಿಂದ ಬಂದವನು.

ಯಾವ ವರ್ಷ ಹಂಚಿಕೆಯಾಯಿತು, ಅಕ್ಕಪಕ್ಕದಲ್ಲಿ ಯಾರಿದ್ದರು, ಯಾರು ಬಿಟ್ಟು ಮುಂಬೈಗೋ ಹೈದರಾಬಾದಿಗೋ ಹೋದರು, ಯಾರಿಗೆ ಬರಬೇಕಾದ್ದು ಯಾರಿಗೆ ಹೋಯಿತು– ಇವೆಲ್ಲ ಈಗ ಹಿರಿಯರ ಬಾಯಲ್ಲಿ ಮಾತ್ರ ಇವೆ. ನೆನಪು ತಪ್ಪಬಹುದು, ಕೆಲವೊಮ್ಮೆ ಅನುಕೂಲಕ್ಕೆ ತಕ್ಕಂತೆ ಹೊರಳಲೂಬಹುದು. ಹಾಗಾಗಿ ನಾಲ್ವರನ್ನು ಒಟ್ಟಿಗೆ ಕೂರಿಸಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುವಂತೆ ಕೇಳಬೇಕು. ಸಾಲಿನ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಹೀಗೆ ಹೆಸರು ಹೊಂದಿಸುತ್ತ ಹೋದರೆ ನಕ್ಷೆಯೊಂದು ತಾನಾಗಿ ಮೂಡುತ್ತದೆ. ಅದನ್ನು ಗ್ರಾಮಸಭೆಯ ಮುಂದಿಟ್ಟು ನಡಾವಳಿಯಲ್ಲಿ ಸೇರಿಸಿದರೆ ಹಕ್ಕಿನ ವಿಚಾರಣೆಗೆ ಪೂರಕ ಆಧಾರವಾದರೂ ಆದೀತು.

ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. 2023ರಲ್ಲಿ ಆರಂಭವಾದ ಬೀದರ್ ವಿಶ್ವವಿದ್ಯಾಲಯ ಇಲ್ಲಿಯೇ ಇದೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತಲಾ ಒಂದು ಕಾಲೊನಿ ಒಪ್ಪಿಸಿ ಒಂದು ವರ್ಷ ಕೊಟ್ಟರೆ ಮೂರು ತಾಲ್ಲೂಕುಗಳ ಹಳೆಯ ಕಾಲೊನಿಗಳಲ್ಲಿ ಬಹಳಷ್ಟು ಮುಗಿಯುತ್ತವೆ. ಅವರಲ್ಲಿ ಅನೇಕರಿಗೆ ಅದು ತಮ್ಮದೇ ಅಜ್ಜಿಯ ಮನೆ. ಒಂದು ಎಚ್ಚರ ಮಾತ್ರ ಬೇಕು. ಈ ಕಾಲೊನಿಗಳಲ್ಲಿ ಒಂದೇ ಸಾಲಿನ ಮನೆಗಳಲ್ಲಿ ಕನ್ನಡ, ಮರಾಠಿ, ದಖನಿ, ಲಂಬಾಣಿ ಎಲ್ಲವನ್ನೂ ಆಡುತ್ತಾರೆ. ಮುದ್ರಿತ ಪ್ರಶ್ನಾವಳಿ ಹಿಡಿದು ಗ್ರಂಥಸ್ಥ ಕನ್ನಡದಲ್ಲಿ ಕೇಳಿದರೆ ‘ಎಲ್ಲಾ ಛಲೋ ಅದರಿ’ ಎಂಬ ಒಂದೇ ಉತ್ತರ ಬರುತ್ತದೆ. ಆಯಿಯ ಮಾತು ಆಯಿಯ ಭಾಷೆಯಲ್ಲಿಯೇ ಧ್ವನಿಮುದ್ರಣವಾಗಲಿ, ಕನ್ನಡಕ್ಕೆ ತರುವ ಕೆಲಸ ಆಮೇಲೆ ನಿಧಾನವಾಗಿ ಆಗಲಿ. ಬೇಸಿಗೆಯಲ್ಲಿ ಬೇಡ, ಸೆಖೆಗೆ ಯಾರೂ ಮನೆಯೊಳಗೆ ಕೂರಲಾರರು. ದೀಪಾವಳಿ ಮುಗಿದು ತೊಗರಿ ರಾಶಿ ಶುರುವಾಗುವ ಮೊದಲಿನ ಕೆಲವು ವಾರಗಳಲ್ಲಿ ಕೆಲಸ ಕಡಿಮೆ. ಮಾತಾಡುವ ಪುರುಸೊತ್ತು ಇರುವುದು ಆಗ.