ಚೌಕಟ್ಟಿಗೆ ಸಿಕ್ಕ ಕ್ಷಾಮ, ಕತ್ತರಿಗೆ ಸಿಕ್ಕ ತೇದಿ

ಹಳೆಯ ಸಚಿತ್ರ ವಾರಪತ್ರಿಕೆಗಳ ಮುಖಪುಟಗಳನ್ನೂ ಒಳಪುಟಗಳನ್ನೂ ದಪ್ಪ ಕಾಗದದ ಮೇಲೆ ಮರುಮುದ್ರಿಸಿ, ಚೌಕಟ್ಟು ಕಟ್ಟಿ, ‘ಫೈನ್ ಆರ್ಟ್ ಪ್ರಿಂಟ್’ ಎಂಬ ಹೆಸರಿನಲ್ಲಿ ಮಾರುವ ವ್ಯಾಪಾರ ಈಗ ಹುಲುಸಾಗಿ ಬೆಳೆದಿದೆ. 1842ರಲ್ಲಿ ಹುಟ್ಟಿದ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’, 1869ರಲ್ಲಿ ಹುಟ್ಟಿದ ‘ದಿ ಗ್ರಾಫಿಕ್’ ಮುಂತಾದವು ಈ ಸರಕಿನ ದೊಡ್ಡ ಕಣಜಗಳು. ಹಡಗು, ಕುದುರೆಪಂದ್ಯ, ರಾಜಕುಮಾರಿಯರ ಮದುವೆಗಳ ಚಿತ್ರಗಳಿಗೆ ಈ ಗತಿ ಬಂದರೆ ಯಾರಿಗೂ ಹೆಚ್ಚಿನ ನಷ್ಟವಿಲ್ಲ. ಆದರೆ ಅವೇ ಪತ್ರಿಕೆಗಳು ಅಚ್ಚುಹಾಕಿದ ಕನ್ನಡ ನಾಡಿನ ಬರಗಾಲದ ಚಿತ್ರಗಳೂ ನಡುಮನೆಯ ಗೋಡೆಯ ಒಡವೆಯಾಗುವಾಗ ಮೌನವಾಗಿರುವುದು ವಿದ್ವತ್ತಿಗೂ ಸಲ್ಲದು, ಮನುಷ್ಯತ್ವಕ್ಕೂ ಸಲ್ಲದು.

ಯಾವ ಚಿತ್ರಗಳಿವು? 1877ರ ಅಕ್ಟೋಬರ್ 20ರ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಸಂಚಿಕೆಯಲ್ಲಿ ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದು ಕುಳಿತ ಜನರ ಚಿತ್ರವಿದೆ. ಅದೇ ತಿಂಗಳು ‘ದಿ ಗ್ರಾಫಿಕ್’ ಬಳ್ಳಾರಿ ಜಿಲ್ಲೆಯ ಜನರ ಮತ್ತು ದನಗಳ ದುರವಸ್ಥೆಯನ್ನು, ದಿಕ್ಕಿಲ್ಲದೆ ಉಳಿದ ಇಬ್ಬರು ಮಕ್ಕಳನ್ನು ಪ್ರಕಟಿಸಿತು. ನಮ್ಮ ಹಿರಿಯರು ಸಂವತ್ಸರದ ಹೆಸರು ಹಿಡಿದು ‘ಧಾತು ಈಶ್ವರದ ಬರ’ವೆಂದು ನೆನೆದ 1876–78ರ ಮಹಾಕ್ಷಾಮವಿದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ಮೀರಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಹೋದದ್ದು ದೈವದ ಕಡೆಯಿಂದ. ಉಳಿದುದಕ್ಕೆಲ್ಲ ದೈವವನ್ನು ಹೊಣೆಮಾಡಲಾಗದು. ಧಾನ್ಯದ ರಫ್ತು ನಿಲ್ಲಲಿಲ್ಲ. ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಆಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದನು. 1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟ್ಟನ್ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದನು. ಆ ಆನೆ ಅಂಬಾರಿಗಳ ವೈಭವವೂ ಇವೇ ಪತ್ರಿಕೆಗಳ ಪುಟಗಳಲ್ಲಿ ಮೆರೆಯಿತು. ಇಂದಿನ ಮಾರಾಟದ ಪಟ್ಟಿಯಲ್ಲಿ ದರ್ಬಾರೂ ಬರವೂ ‘ಹಳೆಯ ಭಾರತ’ ಎಂಬ ಒಂದೇ ತಲೆಬರಹದ ಕೆಳಗೆ ಬಂದು ಕೂಡುತ್ತವೆ.

ಆ ಕಾಲದ ಸಚಿತ್ರ ಪುಟ ಸಿದ್ಧವಾಗುತ್ತಿದ್ದ ಬಗೆಯನ್ನು ಅರಿತರೆ ಇಲ್ಲಿನ ಅನ್ಯಾಯ ಸ್ಪಷ್ಟವಾಗುತ್ತದೆ. ಭಾರತದಿಂದ ಹೋದ ರೇಖಾಚಿತ್ರವನ್ನೋ ಛಾಯಾಚಿತ್ರವನ್ನೋ ಲಂಡನ್ನಿನ ಕೆತ್ತನೆಗಾರರು ಗಟ್ಟಿಮರದ ಅಚ್ಚಿಗೆ ಇಳಿಸುತ್ತಿದ್ದರು. ದೊಡ್ಡ ಅಚ್ಚನ್ನು ತುಂಡುಗಳಾಗಿ ಬಿಡಿಸಿ, ಹಲವರು ಏಕಕಾಲದಲ್ಲಿ ಕೆತ್ತಿ, ಮರಳಿ ಜೋಡಿಸುವ ರೂಢಿಯಿತ್ತು. ಹಲವು ಪುಟಗಳಲ್ಲಿ ಆ ಬೆಸುಗೆಯ ಬಿಳಿಗೆರೆ ಈಗಲೂ ಕಾಣುತ್ತದೆ. ಅಂದರೆ ಆ ಚಿತ್ರ ಬರದ ಕನ್ನಡಿಯಲ್ಲ. ಬರವನ್ನು ಕಣ್ಣಾರೆ ಕಾಣದ ಕೈಗಳು, ಆಳುವ ದೇಶದ ಓದುಗರಿಗಾಗಿ ಮಾಡಿದ ನಿರೂಪಣೆ. ಅದನ್ನು ಸರಿಯಾಗಿ ಓದಬೇಕಾದರೆ ಪತ್ರಿಕೆಯ ಹೆಸರು, ತೇದಿ, ಅಡಿಬರಹ, ಜೊತೆಯ ವರದಿ ಎಲ್ಲವೂ ಬೇಕು. ಅಲಂಕಾರದ ಮುದ್ರಣ ಮೊದಲು ಕತ್ತರಿಸುವುದು ಇವನ್ನೇ. ಬೆಸುಗೆಯ ಗೆರೆಯನ್ನು ಗಣಕಯಂತ್ರದಲ್ಲಿ ಅಳಿಸುವುದುಂಟು. ಕಪ್ಪು ಬಿಳುಪಿನ ಚಿತ್ರಕ್ಕೆ ಹೊಸ ಬಣ್ಣ ಬಳಿಯುವುದೂ ಉಂಟು. ಎದೆಗೂಡು ಎದ್ದು ಕಾಣುವ ದೇಹಕ್ಕೆ ಸೋಫಾದ ಬಣ್ಣಕ್ಕೊಪ್ಪುವ ಕಾವಿಛಾಯೆ ಕೊಟ್ಟ ಮೇಲೆ ಉಳಿಯುವುದು ಚರಿತ್ರೆಯಲ್ಲ.

ಇದಕ್ಕೆ ಮೂರು ಸಮಾಧಾನಗಳನ್ನು ಹೇಳುವವರಿದ್ದಾರೆ. ಕೃತಿಸ್ವಾಮ್ಯ ಮುಗಿದಿದೆ ಎಂಬುದು ಮೊದಲನೆಯದು. ನಿಜ; ಆದರೆ ಕಾನೂನಿನ ಅನುಮತಿ ಔಚಿತ್ಯದ ಪ್ರಮಾಣಪತ್ರವಲ್ಲ. ಆ ಪತ್ರಿಕೆಗಳೂ ಲಾಭಕ್ಕಾಗಿಯೇ ಅಚ್ಚಾದವು ಎಂಬುದು ಎರಡನೆಯದು. ಅದೂ ನಿಜ, ಆದರೂ ಅವು ಚಿತ್ರವನ್ನು ಸುದ್ದಿಯಿಂದ ಬೇರ್ಪಡಿಸಲಿಲ್ಲ. ಊರಿನ ಹೆಸರು ಹೇಳಿ, ಹಸಿವೆಂದು ಹೇಳಿ ಮಾರಿದವು. ಪ್ರತಿ ಮಾಡಿದರೆ ಹಳೆಯದು ಉಳಿಯುತ್ತದೆ ಎಂಬ ಮೂರನೆಯ ವಾದಕ್ಕೆ ಕನ್ನಡ ಸಾಹಿತ್ಯ ಚರಿತ್ರೆಯೇ ಉತ್ತರ ಕೊಡುತ್ತದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಪ್ರತಿ ಮಾಡುವುದು ಈ ನಾಡಿನಲ್ಲಿ ಪುಣ್ಯಕಾರ್ಯವೆನಿಸಿತ್ತು. ಆದರೆ ಓಲೆಯನ್ನು ಪ್ರತಿಮಾಡಿದವನು ಕವಿಯ ಹೆಸರನ್ನು ಬಿಡುತ್ತಿರಲಿಲ್ಲ. ಎಷ್ಟೋ ಕಟ್ಟುಗಳ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿ, ಬರೆದವನ ಹೆಸರು ಇವೆ. ಬಡ ಲಿಪಿಕಾರ ಪಾಲಿಸಿದ ಈ ಶಿಸ್ತು ಇಂದಿನ ಮುದ್ರಕನಿಗೆ ಭಾರವಾಗಬೇಕೇಕೆ?

ಈ ಮಾತು ಬೆಂಗಳೂರು, ಬಳ್ಳಾರಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿನ ದುಬಲಗುಂಡಿ ಆ ಕಾಲಕ್ಕೆ ನಿಜಾಮನ ಹೈದರಾಬಾದು ಸಂಸ್ಥಾನದೊಳಗಿನ ಹಳ್ಳಿ. ಕ್ಷಾಮ ಆ ಸಂಸ್ಥಾನವನ್ನೂ ಬಿಡಲಿಲ್ಲ. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದ ನೆರೆಯಲ್ಲಿರುವ ಈ ಸೀಮೆಗೆ ಹಳೆಯ ವೈಭವವನ್ನು ಹೇಳುವ ಶಾಸನಗಳಿವೆ. ಬರದಲ್ಲಿ ಅಳಿದವರ ಹೆಸರು ಕೆತ್ತಿದ ಕಲ್ಲುಗಳನ್ನು ಎಲ್ಲಿ ಹುಡುಕಬೇಕು? ದುಬಲಗುಂಡಿಯ ಶಾಲೆಯ ಹುಡುಗಿಯೊಬ್ಬಳಿಗೆ ದಖ್ಖನ್ನಿನ ಆ ಎರಡು ವರ್ಷಗಳ ಮುಖವೊಂದು ಕಾಣಬೇಕಾದರೆ ಬಳ್ಳಾರಿಯ ಆ ಮಕ್ಕಳ ಚಿತ್ರವನ್ನೇ ತೋರಿಸಬೇಕು. ಅಡಿಬರಹವಿದ್ದರೆ ಅವಳು ಯಾವ ವರ್ಷ, ಯಾರ ಆಳ್ವಿಕೆ, ಧಾನ್ಯ ಎಲ್ಲಿ ಹೋಯಿತು ಎಂದು ಕೇಳಿಯಾಳು. ಅಡಿಬರಹವಿಲ್ಲದಿದ್ದರೆ ‘ಹಿಂದಿನ ಕಾಲದ ಬಡವರು’ ಎಂದು ಮುಂದೆ ಸಾಗುವಳು. ಕತ್ತರಿ ಕಸಿದುಕೊಂಡದ್ದು ಅವಳ ಪ್ರಶ್ನೆಯನ್ನು.

ಆದ್ದರಿಂದ ಬೇಡಿಕೆ ನಿಷೇಧದ್ದಲ್ಲ. ಮಾರುವವರು ಪುಟವನ್ನು ಇಡಿಯಾಗಿ ಮುದ್ರಿಸಲಿ. ಪತ್ರಿಕೆಯ ಹೆಸರು, ತೇದಿ, ಮೂಲ ಅಡಿಬರಹ ಚಿತ್ರದ ಮೇಲೆಯೇ ಉಳಿಯಲಿ. ಹೊಸ ಬಣ್ಣ ಹಾಕಿದ್ದರೆ ಹಾಗೆಂದು ಬರೆಯಲಿ. ಕೊಳ್ಳುವವರು ಇಷ್ಟಿಲ್ಲದ ಮುದ್ರಣವನ್ನು ಹಿಂದಿರುಗಿಸಲಿ. ಕನ್ನಡ ವಿಭಾಗಗಳೂ ಇತಿಹಾಸ ವಿಭಾಗಗಳೂ ಈ ಪುಟಗಳನ್ನು ಕನ್ನಡದ ವಿವರಣೆಯೊಡನೆ ಕಾಲೇಜಿನ, ಶಾಲೆಯ ಗೋಡೆಗೆ ತರಲಿ. ಹುಮನಾಬಾದ, ಬಸವಕಲ್ಯಾಣಗಳಲ್ಲಿ ಆ ಕೆಲಸ ಮೊದಲಾದರೆ ಇನ್ನೂ ಒಳ್ಳೆಯದು. ಬೆಂಗಳೂರಿನಲ್ಲಿ ಅಂದು ಕಾದು ಕುಳಿತವರು ಕೇಳಿದ್ದು ಒಂದು ಹೊತ್ತಿನ ಗಂಜಿ. ಅದನ್ನು ಇನ್ನು ಯಾರೂ ಕೊಡಲಾರರು. ಅವರ ಊರನ್ನೂ ವರ್ಷವನ್ನೂ ಅವರ ಚಿತ್ರದ ಕೆಳಗೆ ಉಳಿಸುವುದು ಮಾತ್ರ ಈಗಲೂ ಸಾಧ್ಯ.