ಬೆಳ್ಳಿ ಬಿಲ್ಲೆಗೆ ಬಣ್ಣ ಬಂತೋ, ಬಣ್ಣ ಬರಿಸಿದರೋ?

2024ರಲ್ಲಿ ಕಿಲೋಗೆ ಲಕ್ಷ ರೂಪಾಯಿ ಮುಟ್ಟಿದ ಬೆಳ್ಳಿ 2025ರಲ್ಲಿ ಹಿಂದೆ ನೋಡದೆ ಓಡಿತು. ಧಾರಣೆ ಏರಿದಾಗಲೆಲ್ಲ ಆಗುವುದೇ ಈಗಲೂ ಆಗುತ್ತದೆ. ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ, ಅಜ್ಜಿಯ ಗಂಟು ಬಿಚ್ಚುತ್ತದೆ, ರಾಣಿ ಛಾಪಿನ ರೂಪಾಯಿ ಸರಾಫರ ತಕ್ಕಡಿಗೆ ಬೀಳುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪೇಟೆಗಳಿಗೆ ಇದೇನೂ ಹೊಸದಲ್ಲ. ಹೊಸದೆಂದರೆ ತೂಕ ಕೇಳದೆ ಬಣ್ಣ ಕೇಳುವ ಗಿರಾಕಿ. ಇವನು ಅಂಗಡಿಗೆ ಬರುವವನಲ್ಲ, ಮೊಬೈಲಿನಲ್ಲಿ ಫೋಟೋ ತರಿಸಿಕೊಂಡು ನೋಡುವವನು. "ಅಂಚಿಗೆ ನೀಲಿ ಬಂದೈತೇನ್ರಿ? ಬಂದಿದ್ರ ರೇಟ್ ಬ್ಯಾರೆ" ಅನ್ನುವವನು.

ತಲೆತಲಾಂತರದಿಂದ "ಕಪ್ಪಾತು, ತಿಕ್ಕು" ಎಂದು ಕೇಳಿ ಬೆಳೆದ ಮಂದಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಬೆಳ್ಳಿ ಬೆಳ್ಳಗಿದ್ದರೆ ತಾನೇ ಬೆಳ್ಳಿ! ಆದರೆ ನಾಣ್ಯ ಸಂಗ್ರಹಿಸುವವರ ಲೋಕದ ಲೆಕ್ಕವೇ ಬೇರೆ. ಅಲ್ಲಿ ಹಳದಿ, ನೇರಳೆ, ನೀಲಿ, ಹಸಿರು ಬಣ್ಣ ತಾನಾಗಿ ಏರಿದ ಬೆಳ್ಳಿ ನಾಣ್ಯಕ್ಕೆ ಬಿಳಿ ನಾಣ್ಯಕ್ಕಿಂತ ಹಲವು ಪಟ್ಟು ಹೆಚ್ಚು ಬೆಲೆ ಬರುವುದುಂಟು. ಬೆಲೆ ಇದ್ದಲ್ಲಿ ನಕಲಿ ಬರದೆ ಇದ್ದೀತೆ? ಬಣ್ಣ ಬರಿಸಿ ಮಾರುವ ಕಸುಬೂ ಅದರ ಹಿಂದೆಯೇ ಬಂತು.

ಈ ವಿಷಯ ಬಾಗೇವಾಡಿಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಬಸವಣ್ಣನವರು ಹುಟ್ಟಿದ ಊರು ಅದು. ಅವರ ಹೆಸರಿನಲ್ಲಿ ಭಾರತ ಸರ್ಕಾರ 2006ರಲ್ಲಿ ಐದು ರೂಪಾಯಿಯ ಮತ್ತು ನೂರು ರೂಪಾಯಿಯ ಸ್ಮರಣಾರ್ಥ ನಾಣ್ಯಗಳನ್ನು ತಂದಿತು. ಐದರ ನಾಣ್ಯ ಅಂಗಡಿಯ ಗಲ್ಲೆಗೂ ಬಂತು, ಕಂಡಕ್ಟರನ ಚೀಲಕ್ಕೂ ಬಂತು. ನೋಡಿ ಎತ್ತಿಟ್ಟವರು ಎಷ್ಟೋ ಮಂದಿ. ನೂರರದ್ದು ಚಲಾವಣೆಗೆ ಬಂದದ್ದಲ್ಲ, ಟಂಕಸಾಲೆ ಪೆಟ್ಟಿಗೆಯಲ್ಲಿಟ್ಟು ಮಾರಿದ್ದು. ಆ ಕಾಲದ ನೂರು ರೂಪಾಯಿ ಸ್ಮರಣಾರ್ಥ ನಾಣ್ಯಗಳ ಅಳತೆಯಂತೆ ಇದರ ತೂಕ 35 ಗ್ರಾಂ. ಅದರಲ್ಲಿ ಅರ್ಧ ಬೆಳ್ಳಿ, ನೂರಕ್ಕೆ ನಲವತ್ತು ತಾಮ್ರ, ಉಳಿದದ್ದು ನಿಕ್ಕಲ್ಲು ಮತ್ತು ಸತುವು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇಂಥ ನಾಣ್ಯವನ್ನು ದೇವರ ಜಗಲಿಯ ಮೇಲೆ ಇಡಬೇಕೆಂಬ ಆಸೆ ಈ ನೆಲದವರಿಗೆ ಇರುವುದು ತಪ್ಪಲ್ಲ. ಆಸೆಗೆ ಬೆಲೆ ಎಷ್ಟು ಎಂಬಲ್ಲಿಯೇ ದಲ್ಲಾಳಿ ಕಾದು ಕೂತಿರುತ್ತಾನೆ.

ಪ್ರೂಫ್ ನಾಣ್ಯ ಅನ್ನುತ್ತಾರಲ್ಲ, ಏನದು? ಸಾದಾ ನಾಣ್ಯವನ್ನು ಯಂತ್ರ ದಬದಬ ಹೊಡೆದು ರಾಶಿಗೆ ಹಾಕುತ್ತದೆ. ಪ್ರೂಫ್ ಹಾಗಲ್ಲ. ಅಚ್ಚನ್ನೂ ಬಿಲ್ಲೆಯನ್ನೂ ಕನ್ನಡಿಯಂತೆ ಉಜ್ಜಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿ, ಒಂದೊಂದನ್ನೇ ಕೈಗವಸು ಹಾಕಿ ಎತ್ತಿಡುತ್ತಾರೆ. ಬಯಲು ಮುಖ ನೋಡುವಷ್ಟು ಹೊಳಪು, ಚಿತ್ರ ಮಂಜು ಕೂತಂತೆ ಬಿಳುಪು. ಮುಂಬೈ ಟಂಕಸಾಲೆ ಗಣರಾಜ್ಯದ ಮೊದಲ ವರ್ಷ 1950ರ ನಾಣ್ಯಗಳನ್ನೇ ಪ್ರೂಫ್ ಮಾಡಿತ್ತು. ಇಂಥ ಕನ್ನಡಿಯ ಮೇಲೆ ಬೆರಳು ತಾಗಿದರೂ ಗುರುತು ಉಳಿಯುತ್ತದೆ, ಬಣ್ಣ ಏರಿದರೆ ಎದ್ದು ಕಾಣುತ್ತದೆ. ಆದ್ದರಿಂದಲೇ ಬಣ್ಣದ ಜಗಳ ಪ್ರೂಫ್ ನಾಣ್ಯದ ಮೇಲೆ ಜಾಸ್ತಿ.

ಬಣ್ಣ ಬರುವ ಬಗೆ ಬಹಳ ಸರಳ. ಗಾಳಿಯಲ್ಲಿ ಗಂಧಕದ ಅಂಶ ಇರುತ್ತದೆ. ಕೊಳೆತ ತತ್ತಿಯ ವಾಸನೆ ಬರುತ್ತದಲ್ಲ, ಅದೇ ಅನಿಲ. ಅದು ಬೆಳ್ಳಿಯೊಂದಿಗೆ ಸೇರಿ ತೆಳ್ಳನೆಯ ಪೊರೆ ಕಟ್ಟುತ್ತದೆ. ಎಷ್ಟು ತೆಳ್ಳಗೆ ಅಂದರೆ ತಲೆಗೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ಮಳೆ ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತ ನೀರಿನ ಮೇಲೆ ಡೀಜೆಲ್ ಹರಡಿ ಕಾಮನಬಿಲ್ಲು ಮೂಡುವುದನ್ನು ಎಲ್ಲರೂ ನೋಡಿದ್ದಾರೆ. ಡೀಜೆಲ್ಲಿಗೇನು ಏಳು ಬಣ್ಣ ಇರುವುದಿಲ್ಲ; ಪೊರೆಯ ಮೇಲಿಂದಲೂ ಕೆಳಗಿಂದಲೂ ಬೆಳಕು ತಿರುಗಿ ಬಂದು ಒಂದಕ್ಕೊಂದು ಸೇರಿ ಆಡುವ ಆಟ ಅದು. ಬೆಳ್ಳಿಯ ಮೇಲೂ ಅದೇ ಆಟ. ಪೊರೆ ದಪ್ಪವಾದಂತೆ ಮೊದಲು ತಿಳಿ ಹಳದಿ, ಬಂಗಾರ, ಆಮೇಲೆ ಕೆಂಪು ನೇರಳೆ, ಆಮೇಲೆ ನೀಲಿ. ಮತ್ತೊಂದು ಸುತ್ತಿನಲ್ಲಿ ಹಳದಿ, ಗುಲಾಬಿ, ಹಸಿರು. ಕಡೆಗೆ ಕಪ್ಪು. ಈ ಕ್ರಮವೇ ನಾಣ್ಯದ ಜಾತಕ ಇದ್ದಂತೆ.

ರದ್ದಿ ಕಾಗದದಲ್ಲಿ ಸುತ್ತಿಟ್ಟರೆ, ಕಟ್ಟಿಗೆಯ ಕಪಾಟಿನಲ್ಲಿಟ್ಟರೆ, ಉಣ್ಣೆ ಬಟ್ಟೆಯೊಳಗೆ ಇಟ್ಟರೆ, ರಬ್ಬರ್ ಬ್ಯಾಂಡು ಹಾಕಿದರೆ ಬಣ್ಣ ಬರುತ್ತದೆ. ಅಮೆರಿಕದಲ್ಲಿ 1878ರಿಂದ ಮುಂದಿನ ಮಾರ್ಗನ್ ಡಾಲರುಗಳು ಸಾವಿರ ಸಾವಿರದ ಬಟ್ಟೆ ಚೀಲಗಳಲ್ಲಿ ಸರ್ಕಾರಿ ಖಜಾನೆಯೊಳಗೆ ದಶಕಗಟ್ಟಲೆ ಬಿದ್ದಿದ್ದವು. ಚೀಲದ ಬಟ್ಟೆಗೆ ತಾಗಿಕೊಂಡಿದ್ದವುಗಳಿಗೆ ಕಾಮನಬಿಲ್ಲಿನ ಬಣ್ಣ ಬಂತು. ಈ ಶೋಕಿಯನ್ನು ಬೆಳೆಸಿದ್ದರಲ್ಲಿ ಆ ಚೀಲಗಳ ಪಾತ್ರ ದೊಡ್ಡದು.

ಇನ್ನು ಬರಿಸಿದ ಬಣ್ಣ. ಐವತ್ತು ವರ್ಷ ಕಾಯುವ ಸಹನೆ ಇಲ್ಲದವನು ಗಂಧಕದ ಹೊಗೆ ಕೊಡುತ್ತಾನೆ, ಬೇಯಿಸಿದ ತತ್ತಿಯ ಜೊತೆ ಡಬ್ಬಿಯಲ್ಲಿ ಮುಚ್ಚಿಡುತ್ತಾನೆ, ಒಲೆಯ ಮೇಲೆ ಕಾಯಿಸುತ್ತಾನೆ. ಐವತ್ತು ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಮಾವಿನ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿಡದಲ್ಲಿ ಹಣ್ಣಾದದ್ದು ಒಂದು, ಕಾರ್ಬೈಡ್ ಹಾಕಿ ಹಣ್ಣು ಮಾಡಿದ್ದು ಇನ್ನೊಂದು.

ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಕಾರ್ಬೈಡ್ ಹಣ್ಣನ್ನು ಕೊಯ್ದು ಬಾಯಿಗಿಟ್ಟರೆ ಗುಟ್ಟು ರಟ್ಟು. ಬೆಳ್ಳಿಯಲ್ಲಿ ಹಾಗಿಲ್ಲ. ಅಜ್ಜಿಯ ಕಪಾಟಿನಲ್ಲಿ ಬಂದದ್ದೂ ಬೆಳ್ಳಿ ಗಂಧಕದ ಪೊರೆ, ಡಬ್ಬಿಯಲ್ಲಿ ಬಂದದ್ದೂ ಅದೇ ಪೊರೆ. ವಸ್ತು ಒಂದೇ, ಬೇರೆ ಇರುವುದು ಹಿಡಿದ ಕಾಲ ಮತ್ತು ಮಾಡಿದವನ ಉದ್ದೇಶ. ಬೇಕೆಂದೇ ರಟ್ಟಿನ ಲಕೋಟೆಯಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯ ಬಳಿ ಎರಡು ವರ್ಷ ಇಟ್ಟರೆ ಅದು ಸಹಜವೋ ಕೃತಕವೋ? ಪರಿಣಿತರಲ್ಲೇ ಒಮ್ಮತವಿಲ್ಲ. ನಾಣ್ಯದ ದರ್ಜೆ ಕಟ್ಟುವ ದೊಡ್ಡ ಕಂಪನಿಗಳು ಅಮೆರಿಕದವು: 1986ರ ಪಿ.ಸಿ.ಜಿ.ಎಸ್., 1987ರ ಎನ್.ಜಿ.ಸಿ. ಅವರೂ "ಈ ಬಣ್ಣ ಸಂಶಯಾಸ್ಪದ" ಎಂದು ಹೇಳಿ ದರ್ಜೆಯ ಅಂಕಿ ಕೊಡದೆ ಕೈತೊಳೆದುಕೊಳ್ಳುತ್ತಾರೆಯೇ ಹೊರತು, ಡಬ್ಬಿ ಯಾವುದು, ತಾರೀಖು ಯಾವುದು ಎಂದು ಹೇಳುವುದಿಲ್ಲ. ಅಂದ ಮೇಲೆ ಫೋಟೋ ನೋಡಿ "ಇದು ನೂರಕ್ಕೆ ನೂರು ಒರಿಜಿನಲ್ ಕಲರ್" ಎಂದು ಎದೆ ತಟ್ಟುವ ಮಾರಾಟಗಾರನ ಮಾತಿಗೆ ಎಷ್ಟು ಕಿಮ್ಮತ್ತು?

ಹಾಗಂತ ಏನೂ ಗೊತ್ತಾಗುವುದಿಲ್ಲ ಎಂದಲ್ಲ. ನಿಧಾನಕ್ಕೆ ಬಂದ ಬಣ್ಣ ಬಹುಮಟ್ಟಿಗೆ ಅಂಚಿನಿಂದ ನಡುವಿಗೆ ಇಳಿಯುತ್ತದೆ, ಹಳದಿ-ನೇರಳೆ-ನೀಲಿ ಎಂಬ ಕ್ರಮ ತಪ್ಪುವುದಿಲ್ಲ, ಅಕ್ಷರಗಳ ಸುತ್ತ ತಡೆದು ನಿಲ್ಲುತ್ತದೆ. ಓರೆ ಹಿಡಿದರೆ ಕೆಳಗಿನ ಬೆಳ್ಳಿಯ ಹೊಳಪು ಮೇಲಕ್ಕೆ ಕಾಣುತ್ತದೆ. ಅವಸರದ ಬಣ್ಣಕ್ಕೆ ಕ್ರಮ ಇಲ್ಲ. ಹಳದಿಯ ಪಕ್ಕಕ್ಕೇ ಒಮ್ಮೆಲೇ ಕಡುನೀಲಿ, ಅಕ್ಷರ ಚಿತ್ರ ಬಯಲು ಅನ್ನದೆ ಎಲ್ಲದರ ಮೇಲೂ ಹರಿದ ಕಲೆ, ಹೋಳಿಯ ಮರುದಿನದ ಅಂಗಿಯಂತೆ. ಬರೇ ಅರಗೋ ಬಣ್ಣವೋ ಬಳಿದಿದ್ದರೆ ಶುದ್ಧ ಅಸಿಟೋನಿನಲ್ಲಿ ಕರಗಿ ಹೋಗುತ್ತದೆ. ನಿಜವಾದ ಪೊರೆ ಅದಕ್ಕೆ ಜಗ್ಗುವುದಿಲ್ಲ. ಆದರೆ ನೆನಪಿರಲಿ, ಡಬ್ಬಿಯಲ್ಲಿ ಕೊಟ್ಟ ಗಂಧಕದ ಪೊರೆಯೂ ಜಗ್ಗುವುದಿಲ್ಲ.

ಈ ಭಾಗದಲ್ಲಿ ಕಾಮನಬಿಲ್ಲಿಗಿಂತ ಅಪಾಯದ್ದು ಕರಿ ಬಣ್ಣ. ತಾಂಡಾದ ಲಂಬಾಣಿ ತಾಯಂದಿರ ಹಾರದಲ್ಲಿ, ಹಳ್ಳಿಯ ಹೆಣ್ಣುಮಕ್ಕಳ ಸರದಲ್ಲಿ ರೂಪಾಯಿಗೆ ಕೊಂಡಿ ಬೆಸೆದು ಹಾಕುವ ರೂಢಿ ಇತ್ತು. ಕೊಂಡಿ ಕಿತ್ತು, ಬೆಸುಗೆ ಅರದಿಂದ ಉಜ್ಜಿ, ಮೇಲೆ ಗಂಧಕದ ಕಪ್ಪು ಏರಿಸಿದರೆ ಗಾಯ ಮುಚ್ಚಿತು. "ಹಳೇ ಮಾಲು, ಕೈ ಹಚ್ಚಿಲ್ಲ" ಎಂದು ಮಾರಬಹುದು. 1939ರ ರೂಪಾಯಿ ಅಪರೂಪದ್ದು, 1938ರದ್ದು ಸಲೀಸಾಗಿ ಸಿಗುವಂಥದ್ದು. 8ನ್ನು 9 ಮಾಡಿದ ಜಾಗ ಮುಚ್ಚಲಿಕ್ಕೂ ಇದೇ ಕಪ್ಪು. ಇಲ್ಲಿ ಬಣ್ಣ ಶೃಂಗಾರವಲ್ಲ, ಬುರಖಾ. ಕೊಳ್ಳುವವನು ಅಂಚನ್ನೂ ಇಸವಿಯನ್ನೂ ದುರ್ಬೀನು ಹಿಡಿದು ನೋಡದೆ ರೊಕ್ಕ ಎಣಿಸಬಾರದು.

ಮಾರುವವನ ನಷ್ಟ ಇನ್ನೊಂದು ಬಗೆ. ಪೇಟೆಗೆ ಹೊರಡುವ ಮುನ್ನ ಮನೆಯಾಕೆ "ತಡೀರಿ, ಸ್ವಲ್ಪ ತಿಕ್ಕಿ ಕೊಡ್ತೀನಿ" ಅನ್ನುತ್ತಾಳೆ. ಕರಡಿಗೆಯನ್ನು ವಿಭೂತಿಯಿಂದ ಬೆಳಗುವ ಕೈಗೆ ರೂಪಾಯಿ ಬೆಳಗುವುದು ಯಾವ ಲೆಕ್ಕ? ಆದರೆ ವಿಭೂತಿ ಎಷ್ಟು ನುಣುಪಾದರೂ ನಾಣ್ಯದ ಮೇಲೆ ಕೂದಲೆಳೆಯ ಗೀರು ಬಿಡುತ್ತದೆ. ಹುಣಸೆಹಣ್ಣು, ಇಂಡಿಯ ಲಿಂಬೆಯ ರಸ ಇವೆಲ್ಲ ಮಿಶ್ರಲೋಹದ ತಾಮ್ರವನ್ನು ತಿಂದು ಮೈಯನ್ನು ಬಿಳಿಚಿಸುತ್ತವೆ. 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಇಂಡಿ ಲಿಂಬೆಗೆ ಉಪ್ಪಿನಕಾಯಿಯಲ್ಲಿ ಸಲ್ಲುವ ಮರ್ಯಾದೆ ನಾಣ್ಯದ ಮೇಲೆ ಸಲ್ಲದು. ಪ್ರೂಫ್ ನಾಣ್ಯವನ್ನಂತೂ ಮೆತ್ತನೆಯ ಬಟ್ಟೆಯಿಂದ ಒರೆಸಿದರೂ ಕೆಟ್ಟಿತು. ಒಮ್ಮೆ ತಿಕ್ಕಿದ್ದನ್ನು ಯಾವ ಟಂಕಸಾಲೆಯೂ ಸರಿಮಾಡಿ ಕೊಡಲಾರದು.

ತಕ್ಕಡಿಗೇ ಹಾಕುವವರು ಇಸವಿ ನೋಡಿಕೊಳ್ಳಬೇಕು. ವಿಕ್ಟೋರಿಯಾ, ಎಡ್ವರ್ಡ್, ಐದನೆಯ ಜಾರ್ಜ್ ಕಾಲದ ರೂಪಾಯಿ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ 1945ರವರೆಗಿನವುಗಳಲ್ಲಿ ಅರ್ಧವೇ ಬೆಳ್ಳಿ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ. ಅದು ನಿಕ್ಕಲ್ಲು, ಅಯಸ್ಕಾಂತ ಹಿಡಿದರೆ ಅಂಟುತ್ತದೆ.

ಫೋನಿನ ಗಿರಾಕಿಯ ಬಗ್ಗೆ ಒಂದು ಮಾತು. ಹಳೆಯ ನಾಣ್ಯ ನೋಟು ಕೊಳ್ಳುತ್ತೇವೆ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್ನು, ತೆರಿಗೆ, ಶುಲ್ಕ ಎಂದು ಮುಂಗಡ ಕೇಳುವವರು ಎದ್ದಿದ್ದಾರೆಂದು 2021ರ ಆಗಸ್ಟಿನಲ್ಲಿ ಆ ಬ್ಯಾಂಕೇ ಪ್ರಕಟಣೆ ಹೊರಡಿಸಿ, ಇಂಥ ವ್ಯವಹಾರ ತನ್ನದಲ್ಲ, ಶುಲ್ಕ ಕೇಳುವುದಿಲ್ಲ ಎಂದು ಹೇಳಿತ್ತು. "ನಿಮ್ಮ ನಾಣ್ಯದ ಬಣ್ಣಕ್ಕ ಐದ ಲಕ್ಷ ಕೊಡ್ತೀವಿ, ಮೊದಲ ಎರಡ ಸಾವಿರ ಕಳಸ್ರಿ" ಅನ್ನುವವನಿಗೆ ಬಣ್ಣವೂ ಬೇಕಿಲ್ಲ, ನಾಣ್ಯವೂ ಬೇಕಿಲ್ಲ. ಬೇಕಾದದ್ದು ಆ ಎರಡು ಸಾವಿರ.

ಬಸವಣ್ಣನವರ ನೂರು ರೂಪಾಯಿ ಇದ್ದವರು ಅದನ್ನು ಟಂಕಸಾಲೆಯ ಪೆಟ್ಟಿಗೆ, ಚೀಟಿ ಸಮೇತ ಇಟ್ಟುಕೊಳ್ಳುವುದು ಒಳ್ಳೆಯದು. ಅಂಚಿನಲ್ಲಿ ತಿಳಿ ಹಳದಿ ಏರಿದ್ದರೆ ಹೆದರಬೇಕಿಲ್ಲ, ತಿಕ್ಕಬೇಕಾಗಿಯೂ ಇಲ್ಲ. ಹೊಸದಾಗಿ ಕೊಳ್ಳುವವರು ಬಣ್ಣದ್ದಕ್ಕೂ ಬಿಳಿಯದ್ದಕ್ಕೂ ಒಂದೇ ಬೆಲೆ ಕೊಟ್ಟರೆ ಸಾಕು. ಕರಗಿಸಿ ನೋಡುವ ಯೋಚನೆ ಬೇಡವೇ ಬೇಡ. ಅದರೊಳಗಿನ ಬೆಳ್ಳಿ ಹದಿನೇಳೂವರೆ ಗ್ರಾಂ ಅಷ್ಟೇ, ಮೇಲಾಗಿ ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ.